ಅಡ್ಮಿಷನ್ ಆಯಿತು, ಮುಂದೆ?

ಕೆಲಸ ಬಿಡದೆ ಓದಬೇಕೆನ್ನುವವರಿಗೆ ಹಿನಕಲ್‌ನಷ್ಟು ಅನುಕೂಲದ ಊರು ಕರ್ನಾಟಕದಲ್ಲಿ ಹೆಚ್ಚಿಲ್ಲ. ಹುಣಸೂರು ರಸ್ತೆ ಹಿಡಿದು ಮೈಸೂರಿನ ಕಡೆ ಹೊರಟರೆ ಮಾನಸಗಂಗೋತ್ರಿ, ಅದರ ಪಕ್ಕಕ್ಕೆ ಮುಕ್ತಗಂಗೋತ್ರಿ, ಅಂದರೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಆವರಣ. ಇತ್ತ ಹೆಬ್ಬಾಳ, ಹೂಟಗಳ್ಳಿಯ ಕಾರ್ಖಾನೆಗಳು. ಓದು ಒಂದು ಕಡೆ, ಸಂಬಳ ಇನ್ನೊಂದು ಕಡೆ, ಎರಡಕ್ಕೂ ಸಿಟಿ ಬಸ್ಸಿದೆ. ಇಷ್ಟಿದ್ದೂ ಫೀಸು ಕಟ್ಟಿ ಸೇರಿದವರೆಲ್ಲ ಪರೀಕ್ಷೆ ಬರೆಯುವುದಿಲ್ಲ. ನಡುವೆ ಏನಾಗುತ್ತದೆ?

ವಯಸ್ಕರಿಗೆ ಓದಿಸುವ ಕೆಲಸ ಮೈಸೂರಿಗೆ ಹೊಸತಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912–18ರ ಕಾಲದಲ್ಲೇ ಸಾಕ್ಷರತಾ ತರಗತಿಗಳು, ಸಂಚಾರಿ ಗ್ರಂಥಾಲಯಗಳು ನಡೆದಿದ್ದವು. ಅವರು ಹೋದ ಮೇಲೆ ಆ ಉತ್ಸಾಹ ಉಳಿಯಲಿಲ್ಲ. 1940ರ ದಶಕದ ಆರಂಭದಲ್ಲಿ ಮೈಸೂರಿನಲ್ಲೇ ಹುಟ್ಟಿದ ವಯಸ್ಕರ ಶಿಕ್ಷಣ ಸಮಿತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಕ್ಷರ ಕಲಿತವನ ಕೈಗೆ ಓದಲು ಏನೂ ಸಿಗದಿದ್ದರೆ ಕಲಿತದ್ದು ವರ್ಷದೊಳಗೆ ಮರೆತುಹೋಗುತ್ತದೆ. ಅದಕ್ಕೇ ಸಮಿತಿ ‘ಬೆಳಕು’ ವಾರಪತ್ರಿಕೆಯನ್ನೂ ‘ಪುಸ್ತಕ ಪ್ರಪಂಚ’ ಮಾಸಪತ್ರಿಕೆಯನ್ನೂ ಹೊರಡಿಸಿತು. 1947ರಲ್ಲಿ ನಂಜನಗೂಡಿನಲ್ಲಿ ವಿದ್ಯಾಪೀಠ ತೆರೆಯಿತು. ಅದರ ಮಾದರಿ ಡೆನ್ಮಾರ್ಕಿನದು. ಗ್ರುಂಡ್‌ವಿಗ್ ಎಂಬ ಪಾದ್ರಿಯ ವಿಚಾರದಿಂದ ಅಲ್ಲಿ 1844ರಲ್ಲಿ ಶುರುವಾದ ಜನತಾ ಪ್ರೌಢಶಾಲೆಗಳಲ್ಲಿ ರೈತರ ಮಕ್ಕಳು ಚಳಿಗಾಲ ಕಳೆಯಲು ಬಂದು, ಅಲ್ಲೇ ಉಳಿದು, ಹಾಡಿ, ಚರ್ಚಿಸಿ, ಕಲಿತು ಹೋಗುತ್ತಿದ್ದರು. ಪರೀಕ್ಷೆ ಇರಲಿಲ್ಲ. ಜೊತೆಯಲ್ಲಿ ಇರುವುದೇ ಅಲ್ಲಿ ಪಾಠದ ಅರ್ಧ ಭಾಗ. ನಮ್ಮಲ್ಲಿ ಮುಂದೆ ಬಂದ ಯೋಜನೆಗಳು ಈ ಅರ್ಧವನ್ನು ಮರೆತವು ಎಂದೇ ನನ್ನ ಅಭಿಪ್ರಾಯ.

1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅಂಚೆ ತೆರಪಿನ ಶಿಕ್ಷಣ ಆರಂಭಿಸಿತು. 1996ರಲ್ಲಿ ಅದೇ ಸಂಸ್ಥೆ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಅಂಗಡಿಯಲ್ಲಿ ಕೆಲಸ ಮಾಡುವವರು, ಪೊಲೀಸರು, ಅಂಗನವಾಡಿ ಕಾರ್ಯಕರ್ತೆಯರು, ಮದುವೆಯಾಗಿ ಓದು ನಿಂತವರು ಪದವಿ ಪಡೆದರೆ ಅದು ದೊಡ್ಡ ಸಾಧನೆಯೇ. ಆದರೆ ಅಂಥವರು ಒಪ್ಪುವ ಸತ್ಯ ಒಂದಿದೆ: ಸಿದ್ಧಪಾಠದ ಪುಸ್ತಕಗಳ ಕಟ್ಟು ಮನೆಗೆ ಬಂದ ದಿನದ ಹುರುಪು ತಿಂಗಳೊಪ್ಪತ್ತಿನಲ್ಲಿ ಇಳಿಯುತ್ತದೆ. ಸಂಪರ್ಕ ತರಗತಿಗೆ ರಜೆ ಸಿಗದು, ಅಸೈನ್‌ಮೆಂಟು ಕಡೆಯ ವಾರದವರೆಗೂ ಉಳಿಯುತ್ತದೆ, ಅನುಮಾನ ಬಂದರೆ ಕೇಳಲು ಯಾರೂ ಇಲ್ಲ. ಇದರ ಮೇಲೆ, 2015ರಲ್ಲಿ ಯುಜಿಸಿ ಈ ವಿಶ್ವವಿದ್ಯಾನಿಲಯದ ಮಾನ್ಯತೆ ಹಿಂಪಡೆದು 2018ರಲ್ಲಿ ಮತ್ತೆ ಕೊಟ್ಟಿತು. ನಡುವಿನ ವರ್ಷಗಳಲ್ಲಿ ಅಂಕಪಟ್ಟಿ ಹಿಡಿದು ಅಲೆದವರಿಗೆ ಓದಿನ ಮೇಲೆ ನಂಬಿಕೆಯೇ ಅಲುಗಾಡಿತು.

ಇನ್ನೂ ಕೆಳಗಿನ ಮೆಟ್ಟಿಲಿಗೆ, ಅಕ್ಷರಕ್ಕೇ ಬನ್ನಿ. ನಲವತ್ತೈದರ ಹೆಂಗಸೊಬ್ಬಳು ಸಂಜೆ ತರಗತಿಗೆ ಬಂದರೆ ಕಷ್ಟ ಪಾಠದಿಂದ ಶುರುವಾಗುವುದಿಲ್ಲ, ಕಣ್ಣಿನಿಂದ. ಚಾಳೀಸು ಬಂದಿರುತ್ತದೆ, ಕನ್ನಡಕ ಇರುವುದಿಲ್ಲ, ‘ನನ್ನ ತಲೆಗೆ ಹತ್ತಲ್ಲ’ ಅಂದುಕೊಂಡು ಅವಳು ಮರುದಿನ ಬರುವುದಿಲ್ಲ. ಸೌದೆ, ಪಾತ್ರೆ, ಗಾರೆಗೆ ಒಗ್ಗಿದ ಬೆರಳು ಪೆನ್ಸಿಲನ್ನು ಮುರಿಯುವಷ್ಟು ಒತ್ತುತ್ತದೆ. ಅ, ಆ, ಇ, ಈ ಎಂದು ವರ್ಣಮಾಲೆ ಒಪ್ಪಿಸಲು ಅವಳಿಗೆ ಪುರಸೊತ್ತಿಲ್ಲ. 1995ರ ಸುಮಾರಿಗೆ ಇದೇ ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಎಂಬ ಕಲಿಕೆಯ ಪದ್ಧತಿ ಶಾಲೆಯ ಮಕ್ಕಳಿಗೆ ಬೇರೆ ದಾರಿ ಹಿಡಿಯಿತು: ಮೊದಲು ರ, ಗ, ಸ, ದ, ಅ. ಈ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ ಎಲ್ಲ ಬರುತ್ತವೆ. ಮೊದಲ ದಿನವೇ ‘ಸರ’ ಎಂದು ಓದಿದವಳು ಎರಡನೆಯ ದಿನವೂ ಬರುತ್ತಾಳೆ. ಮಕ್ಕಳಿಗಿಂತ ದೊಡ್ಡವರಿಗೆ ಈ ಜಾಡು ಹೆಚ್ಚು ಬೇಕು.

ಸಮುದಾಯ ಕಾಲೇಜು ಎಂಬ ಕಲ್ಪನೆ ಅಕ್ಷರಕ್ಕೂ ಪದವಿಗೂ ನಡುವಿನ ಸ್ಥಳಕ್ಕೇ ಹುಟ್ಟಿದ್ದು. ಅಮೆರಿಕದಲ್ಲಿ 1901ರಲ್ಲಿ ಜೋಲಿಯೆಟ್‌ನಲ್ಲಿ ಆರಂಭವಾದ ಕಾಲೇಜಿನಿಂದ ಬೆಳೆದ ಆ ಪರಂಪರೆಯಲ್ಲಿ, ಶಾಲೆ ಬಿಟ್ಟವರಿಗೆ ಪ್ರೌಢಶಾಲೆಗೆ ಸಮನಾದ ಪರೀಕ್ಷೆಯ ತಯಾರಿ, ಗಣಿತಕ್ಕೆ ಉಚಿತ ಪಾಠ, ಬರವಣಿಗೆ ತಿದ್ದಿಕೊಡುವ ಕೇಂದ್ರ ಎಲ್ಲವೂ ಒಂದೇ ಕಟ್ಟಡದಲ್ಲಿ ಸಿಗುತ್ತವೆ. ಭಾರತದಲ್ಲಿ 1995ರಲ್ಲಿ ಪುದುಚೇರಿಯಲ್ಲಿ ಇಂಥ ಕಾಲೇಜು ಶುರುವಾಯಿತು. 2010ರ ದಶಕದಲ್ಲಿ ಯುಜಿಸಿ ಯೋಜನೆ ರೂಪಿಸಿ ಕಾಲೇಜುಗಳಿಗೆ ಹಣ ಕೊಟ್ಟಿತು. ಆಸುಪಾಸಿನ ಉದ್ಯಮಕ್ಕೆ ಬೇಕಾದ ಕೌಶಲ ಕಲಿಸುವುದು ಅದರ ಗುರಿ. ಕೌಶಲದ ಮೇಲೆ ಹಾಕಿದ ಗಮನವನ್ನು ಕಲಿಯಲು ತಡವರಿಸುವವರ ಮೇಲೆ ಹಾಕಲಿಲ್ಲ.

ಎಸ್ಸೆಸ್ಸೆಲ್ಸಿ ನಿಂತವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ವ್ಯವಸ್ಥೆ ಇದಕ್ಕಿಂತ ಕರುಣೆಯದು: ನೋಂದಣಿ ಐದು ವರ್ಷ ಇರುತ್ತದೆ, ಒಂಬತ್ತು ಸಲ ಬರೆಯಬಹುದು, ಪಾಸಾದ ವಿಷಯ ಪಾಸಾಗಿಯೇ ಉಳಿಯುತ್ತದೆ. ಗಣಿತ ಹೋದರೆ ಕನ್ನಡವೂ ಹೋದಂತಾಗುವುದಿಲ್ಲ.

ಹಾಗಾಗಿ ಎಲ್ಲಿಯೇ ಸೇರಲಿ, ಫೀಸಿನ ರಸೀದಿ ಪಡೆಯುವ ಮೊದಲು ಕೌಂಟರಿನಲ್ಲಿ ಕೇಳಬೇಕಾದ್ದಿದೆ. ಸಂಪರ್ಕ ತರಗತಿ ಯಾವ ವಾರ, ಭಾನುವಾರವೇ? ತಪ್ಪಿಸಿಕೊಂಡರೆ ಪಾಠ ಎಲ್ಲಿ ಸಿಗುತ್ತದೆ? ಅಸೈನ್‌ಮೆಂಟ್ ಕೊಡುವ ಕೊನೆಯ ದಿನ ಯಾವುದು? ಇದೇ ವಿಷಯ ತೆಗೆದುಕೊಂಡವರು ನಮ್ಮ ಊರಲ್ಲಿ ಇನ್ನು ಯಾರಿದ್ದಾರೆ? ಕಡೆಯ ಪ್ರಶ್ನೆಗೆ ಕೌಂಟರಿನಲ್ಲಿ ಉತ್ತರ ಸಿಗದಿರಬಹುದು. ಹಿನಕಲ್‌ನಲ್ಲಾದರೆ ಪಾಳಿ ಮುಗಿಸಿ ಬರುವ ಬಸ್ಸಿನಲ್ಲಿ ಕೇಳಿನೋಡಿ, ಒಬ್ಬರಾದರೂ ಸಿಗುತ್ತಾರೆ.