ಮೂಲೆ ಸೇರಿದ್ದ ಬೂಟು ಮತ್ತೆ ಬೀದಿಗೆ

ಸುಬ್ರಹ್ಮಣ್ಯಪುರದ ಮುಖ್ಯರಸ್ತೆ ಬೆಳಗಿನ ಆರು ಗಂಟೆಗೆ ಮಾತ್ರ ಮನುಷ್ಯರದ್ದು. ಏಳು ಹೊಡೆಯಿತೆಂದರೆ ಶಾಲೆಯ ವ್ಯಾನು, ನೀರಿನ ಟ್ಯಾಂಕರು, ಬಿಎಂಟಿಸಿ ಬಸ್ಸುಗಳು ಅದನ್ನು ವಶಪಡಿಸಿಕೊಳ್ಳುತ್ತವೆ. ಈ ಒಂದು ಗಂಟೆಯ ಬಿಡುವಿನಲ್ಲಿ, ಹಾಲಿನ ಬೂತಿನ ಮುಂದೆ ಕ್ರೇಟುಗಳು ಇಳಿಯುವ ಹೊತ್ತಿಗೆ, ನಡುವಯಸ್ಸಿನ ಗೃಹಸ್ಥರೊಬ್ಬರು ಓಡಲು ಹೊರಟರು ಎನ್ನಿ. ಕಾಲೇಜಿನ ದಿನಗಳಲ್ಲಿ ಚೆನ್ನಾಗಿ ಓಡಿದವರೇ. ಆಮೇಲೆ ನೌಕರಿ, ಮದುವೆ, ಮನೆ ಸಾಲ. ನಡುವೆ ಒಮ್ಮೆ ಶುರು ಮಾಡಿದ್ದರು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು, ಪಾರ್ಕುಗಳಿಗೆ ಬೀಗ ಬಿತ್ತು, ಬೂಟು ಮಂಚದ ಕೆಳಗೆ ಹೋಯಿತು. ಈಗ ಅದನ್ನೇ ಒರೆಸಿ ಹಾಕಿಕೊಂಡು ಬಂದಿದ್ದಾರೆ.

ಇನ್ನೂರು ಮೀಟರ್ ದಾಟುವುದರಲ್ಲಿ ಏದುಸಿರು. ಮುನ್ನೂರರಲ್ಲಿ ಪಕ್ಕೆ ಹಿಡಿಯುತ್ತದೆ. ನಾಲ್ಕುನೂರರಲ್ಲಿ ಬೂಟಿನ ಅಟ್ಟೆ ಬಾಯಿ ಬಿಡುತ್ತದೆ. ವರ್ಷಗಟ್ಟಲೆ ಸುಮ್ಮನೆ ಬಿದ್ದ ಬೂಟಿನ ಅಂಟು ಒಣಗಿಹೋಗುತ್ತದೆಂಬುದು ಬಹಳ ಮಂದಿಗೆ ರಸ್ತೆಯ ಮೇಲೆಯೇ ತಿಳಿಯುವ ಸಂಗತಿ.

ಇಷ್ಟು ಬೇಗ ಎಲ್ಲಿ ಹೋಯಿತು ಆ ದಮ್ಮು? ಅಮೆರಿಕದ ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು 1984ರಲ್ಲಿ ಇದನ್ನು ಅಳೆದು ನೋಡಿದ್ದರು. ಚೆನ್ನಾಗಿ ಪಳಗಿದ ಏಳು ಮಂದಿಯ ಅಭ್ಯಾಸವನ್ನು 84 ದಿನ ನಿಲ್ಲಿಸಿದರು. ದೇಹ ಆಮ್ಲಜನಕವನ್ನು ಬಳಸಿಕೊಳ್ಳುವ ಗರಿಷ್ಠ ಶಕ್ತಿ ಮೊದಲ ಮೂರು ವಾರಗಳಲ್ಲೇ ಶೇಕಡ 7ರಷ್ಟು ಕುಸಿದಿತ್ತು. ಕೊನೆಗೆ ಶೇಕಡ 16ರಷ್ಟು ಕಡಿಮೆಯಾಗಿ ಅಲ್ಲಿ ನಿಂತಿತ್ತು. ಮೊದಲು ಇಳಿಯುವುದು ಹೃದಯ ಪ್ರತಿ ಬಡಿತಕ್ಕೆ ಹೊರಗೆ ತಳ್ಳುವ ರಕ್ತದ ಪ್ರಮಾಣ. ಆದರೆ ಸ್ನಾಯುಗಳೊಳಗೆ ಹೊಸದಾಗಿ ಮೂಡಿದ್ದ ಸೂಕ್ಷ್ಮ ರಕ್ತನಾಳಗಳು ಆ ಮೂರು ತಿಂಗಳಲ್ಲಿ ಹೆಚ್ಚು ಕಡಿಮೆ ಹಾಗೆಯೇ ಉಳಿದಿದ್ದವು. ಮನೆ ಖಾಲಿಯಾದರೂ ಕೊಳಾಯಿ ಪೈಪುಗಳು ಗೋಡೆಯಲ್ಲೇ ಇದ್ದಂತೆ. ವರ್ಷಗಳ ಬಿಡುವಿಗೆ ಈ ಲೆಕ್ಕ ಪೂರ್ತಿ ಹೊಂದುವುದಿಲ್ಲ, ನಿಜ. ಆದರೂ ಮರಳಿ ಶುರು ಮಾಡಿದವರಿಗೆ ಕೆಲವೇ ವಾರಗಳಲ್ಲಿ ಉಸಿರು ಹಗುರವಾಗತೊಡಗುತ್ತದೆ.

ಎಡವಟ್ಟಾಗುವುದು ಇಲ್ಲಿಯೇ. ಉಸಿರು ಹಗುರವಾಯಿತೆಂದು ಕಾಲು ಗಟ್ಟಿಯಾಗಿರುವುದಿಲ್ಲ. ಓಡುವಾಗ ಪ್ರತಿ ಹೆಜ್ಜೆಗೂ ಕಾಲಿನ ಮೇಲೆ ದೇಹದ ತೂಕದ ಎರಡರಿಂದ ಮೂರು ಪಟ್ಟು ಭಾರ ಬೀಳುತ್ತದೆ. 70 ಕಿಲೋ ತೂಕದವರಿಗೆ 140ರಿಂದ 210 ಕಿಲೋ. ನಿಮಿಷಕ್ಕೆ 160 ಹೆಜ್ಜೆಯಂತೆ ಇಪ್ಪತ್ತು ನಿಮಿಷಕ್ಕೆ 3,200 ಹೆಜ್ಜೆ! ಮೂಳೆಯಾದರೋ, ಹೊಸ ಭಾರಕ್ಕೆ ಹೊಂದಿಕೊಳ್ಳುವಾಗ ಮೊದಲು ತನ್ನ ಹಳೆಯ ಭಾಗವನ್ನು ಕರಗಿಸಿಕೊಂಡು, ಆಮೇಲೆ ನಿಧಾನವಾಗಿ ಹೊಸದನ್ನು ಕಟ್ಟುತ್ತದೆ. ಇದಕ್ಕೆ ತಿಂಗಳುಗಳೇ ಬೇಕು. ಹಿಮ್ಮಡಿಯ ಮೇಲಿನ ದಪ್ಪ ನರವೆಂದು ಜನ ಕರೆಯುವ ಸ್ನಾಯುರಜ್ಜುವೂ ಇದೇ ಜಾತಿ, ಸೋಮಾರಿ. ಅಂತೂ ಹುರುಪು ಏರುವ ಮೂರನೆಯ, ನಾಲ್ಕನೆಯ ವಾರದಲ್ಲೇ ಮೊಣಕಾಲ ಕೆಳಗಿನ ನಳಿಗೆ ನೋಯತೊಡಗುತ್ತದೆ. ಹೊಸಬರು ನೋವಿಗೆ ಹೆದರಿ ನಿಲ್ಲಿಸುತ್ತಾರೆ. ಹಳಬರು ನಿಲ್ಲಿಸುವುದಿಲ್ಲ, ಅವರಿಗೆ ಹಿಂದಿನ ವೇಗ ನೆನಪಿರುತ್ತದೆ.

ಇದಕ್ಕೆ ಮದ್ದು ಸ್ವಲ್ಪ ಮರ್ಯಾದೆ ಬಿಟ್ಟು ನಡೆಯುವುದು. 1996ರಲ್ಲಿ ಜೋಶ್ ಕ್ಲಾರ್ಕ್ ಎಂಬ ಅಮೆರಿಕದ ತರುಣ ತನ್ನ ತಾಯಿಗೆಂದು ಹೊಂದಿಸಿದ ಒಂಬತ್ತು ವಾರಗಳ ಕ್ರಮ ಆಮೇಲೆ ಲೋಕಪ್ರಸಿದ್ಧವಾಯಿತು. ವಾರಕ್ಕೆ ಮೂರೇ ದಿನ. ಮೊದಲ ವಾರ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಒಟ್ಟು 20 ನಿಮಿಷ. ಒಂದು ಕಾಲದಲ್ಲಿ ಹತ್ತು ಕಿಲೋಮೀಟರ್ ಓಡಿದವರಿಗೆ ಇದು ಅವಮಾನವೆನಿಸಬಹುದು. ನೋಡುವವರಾದರೂ ಯಾರು? ಹೂ ಕಟ್ಟುವವರು, ಪೇಪರ್ ಹುಡುಗರು, ನಾಯಿಗಳು.

ನಾಯಿಗಳ ಮಾತು ಬಂದಾಗ ಒಂದು ಕಿವಿಮಾತು. ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ, ದಿಟ್ಟಿಸಿ ನೋಡದೆ, ಮೆಲ್ಲಗೆ ನಡೆದುಬಿಡಬೇಕು. ಅವುಗಳನ್ನು ಓಟದಲ್ಲಿ ಸೋಲಿಸಿದವರಿಲ್ಲ. ಚರಂಡಿಯ ಚಪ್ಪಡಿಗಳನ್ನು ನಂಬಬಾರದು. ವಸಂತಪುರದ ವಸಂತ ವಲ್ಲಭರಾಯ ಸ್ವಾಮಿಯ ಗುಡ್ಡದ ಏರು ನೋಡಲು ಚೆಂದ, ಮೊದಲ ಎರಡು ತಿಂಗಳು ಅಲ್ಲಿ ದರ್ಶನಕ್ಕೆ ಹೋದರೆ ಸಾಕು. ಇತ್ತ ತುರಹಳ್ಳಿ ಕಾಡಿನ ಮಣ್ಣುದಾರಿಗಳ ಮೇಲೆ ಈ ಭಾಗದ ಓಟಗಾರರಿಗೆ ಎಷ್ಟು ಮಮತೆಯೆಂದರೆ, 2021ರಲ್ಲಿ ಅಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆಯನ್ನು ವಿರೋಧಿಸಿದವರಲ್ಲಿ ಅವರೂ ಇದ್ದರು.

ಮರಳಿ ಓಡಲು ಹೊರಟವರನ್ನು ಮನೆಯವರು ಬಾಗಿಲಲ್ಲೇ ತಡೆಯುವುದಕ್ಕೆ ಇನ್ನೊಂದು ಕಾರಣವಿದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆ ಸುದ್ದಿ ಕೇಳಿ ಕಂಗಾಲಾದ ಜನ ಎದೆ ತೋರಿಸಿಕೊಳ್ಳಲು ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಎಷ್ಟೋ ಮನೆಗಳಲ್ಲಿ ಅಂದಿನಿಂದ ವ್ಯಾಯಾಮವೆಂದರೇ ಭಯ. ನಲವತ್ತು ದಾಟಿದವರು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದ್ದವರು, ಮನೆತನದಲ್ಲಿ ಹೃದ್ರೋಗ ಇದ್ದವರು ವೈದ್ಯರಿಗೆ ತೋರಿಸಿಯೇ ಶುರು ಮಾಡುವುದು ಒಳ್ಳೆಯದು. ಓಡುವಾಗ ಎದೆ ಬಿಗಿದರೆ, ನೋವು ದವಡೆಗೋ ತೋಳಿಗೋ ಹರಿದರೆ, ತಲೆ ಸುತ್ತಿದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಮಲಗುವ ಹೊತ್ತಲ್ಲ ಅದು. ನಿಂತು, ಸೀದಾ ಆಸ್ಪತ್ರೆಗೆ ಹೋಗಬೇಕು.

ಬಿಟ್ಟು ಬಂದವರ ಪಟ್ಟಿಯಲ್ಲಿ ದೊಡ್ಡ ಹೆಸರೂ ಉಂಟು. 1990ರ ಬಳಿಕ ಟ್ರ್ಯಾಕ್ ತೊರೆದು, ಮದುವೆಯಾಗಿ, ತಾಯಿಯಾಗಿದ್ದ ಪಿ.ಟಿ. ಉಷಾ ಮತ್ತೆ ಬೂಟು ಕಟ್ಟಿದರು. 1998ರ ಫುಕುವೋಕ ಏಷ್ಯನ್ ಕೂಟದಲ್ಲಿ 34ನೇ ವಯಸ್ಸಿನಲ್ಲಿ 200 ಮತ್ತು 400 ಮೀಟರ್ ಓಟಗಳಲ್ಲಿ ಕಂಚು ಗೆದ್ದರು.

ನಮ್ಮ ಗೃಹಸ್ಥರಿಗೆ ಪದಕದ ಹಂಬಲವಿಲ್ಲ. ಬಾಯಿಬಿಟ್ಟ ಬೂಟನ್ನು ಕೈಯಲ್ಲಿ ಹಿಡಿದು, ಎರಡು ಪ್ಯಾಕೆಟ್ ಹಾಲು ಕೊಂಡು, ಕಾಲುಚೀಲದಲ್ಲೇ ಮನೆಗೆ ನಡೆದಿದ್ದಾರೆ. ನಾಳೆ ಓಟಕ್ಕೆ ರಜೆ. ಸಂಜೆ ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿ ಹೊಸ ಬೂಟು ನೋಡಬೇಕು.