ಗಾಲ್ಫ್ ಮೈದಾನದ ಏಳುಬೀಳುಗಳು

ಮೂವತ್ತೈದು ವರ್ಷಗಳ ಕಾಲ ಹುಡುಗರಿಗೆ ರಾಮಶಬ್ದವನ್ನೂ ಭೂಧಾತುವನ್ನೂ ಹೇಳಿಕೊಟ್ಟು ನಿವೃತ್ತರಾದ ಸಂಸ್ಕೃತದ ಉಪಾಧ್ಯಾಯರೊಬ್ಬರು ಗಾಲ್ಫ್ ಆಟದ ವಿಷಯವಾಗಿ ಬರೆಯಲು ಹೊರಟರೆ ನಿಮಗೆ ನಗು ಬರುವುದು ಸಹಜವೇ ಸರಿ. ನಮ್ಮ ಮನೆಯವರಿಗೂ ಮೊದಲು ನಗುವೇ ಬಂದಿತು. ಇದು ಸಿರಿವಂತರ ಆಟವೆಂದೂ ದೊರೆಗಳು ಬಿಟ್ಟುಹೋದ ಷೋಕಿಯೆಂದೂ ನಾವೇ ಬಹುಕಾಲ ಭಾವಿಸಿದ್ದೆವು. ಆದರೆ ಒಂದೂವರೆ ವರ್ಷದಿಂದ ಭಾನುವಾರ ಬೆಳಗಾದರೆ ಆ ಮೈದಾನದಲ್ಲಿ ನಾವು ಪಟ್ಟ ಪಾಡನ್ನೂ ಕಂಡ ಸುಖವನ್ನೂ ನೆನೆದರೆ, ಗೃಹಸ್ಥರು ಓದತಕ್ಕ ಈ ಪುಟಗಳಲ್ಲಿ ಅದಕ್ಕೆ ಕೊಂಚ ಎಡೆಯುಂಟೆಂದು ತೋರುತ್ತದೆ.

ನಾವು ಈ ಆಟಕ್ಕೆ ಇಳಿದುದು ವೈದ್ಯರ ಮಾತಿನಿಂದ. ನಿವೃತ್ತರಾದ ಮೇಲೆ ದಿನವೂ ನಡೆಯಬೇಕೆಂದು ಅವರು ವಿಧಿಸಿದರು. ನಡೆಯುವುದೆಂದರೆ ನಮಗೆ ಬೇಸರ. ಈ ಸಂಗತಿಯನ್ನು ಕೇಳಿದ ನಮ್ಮ ಹಳೆಯ ಶಿಷ್ಯರೊಬ್ಬರು, ಈಗ ಇಂಜಿನಿಯರಾಗಿರುವವರು, ಮೈಸೂರಿನಲ್ಲಿ ಚಾಮುಂಡಿಬೆಟ್ಟವು ಎದುರಿಗೆ ಕಾಣುವ ಮೈದಾನಕ್ಕೆ ನಮ್ಮನ್ನು ತಮ್ಮ ಅತಿಥಿಯಾಗಿ ಕರೆದೊಯ್ದರು. ತಾವು ಬಿಟ್ಟ ಆರು ಹಳೆಯ ಕೋಲುಗಳನ್ನು ನಮಗೆ ಕೊಟ್ಟರು. ಅಂದಿನಿಂದ ಗುರುಶಿಷ್ಯಸಂಬಂಧವು ತಲೆಕೆಳಗಾಯಿತು. ಅವರು ಹೇಳಿಕೊಡುವವರು, ನಾವು ತಪ್ಪುವವರು.

ಆಟದ ತಿರುಳನ್ನು ಹೇಳುವುದು ಬಹಳ ಸುಲಭ. ನಮ್ಮ ಹುಡುಗರು ಗೋಲಿಯನ್ನು ಗುಳಿಗೆ ಹಾಕುವ ಆಟವನ್ನೇ ನೂರಾರು ಗಜಗಳಿಗೆ ಹಿಗ್ಗಿಸಿದರೆ ಗಾಲ್ಫ್ ಆಯಿತು. ಚೆಂಡಿನ ತೂಕ 46 ಗ್ರಾಮಿಗೆ ಮೀರಬಾರದು. ಅದನ್ನು ಬೀಳಿಸಬೇಕಾದ ಗುಳಿಯ ಅಗಲ ನಾಲ್ಕೂಕಾಲು ಅಂಗುಲ. ಇಂತಹ ಗುಳಿಗಳು 18. ಒಂದೊಂದಕ್ಕೂ ಒಂದು ಹಾದಿ. ಕೆಲವು ನೂರೈವತ್ತು ಗಜ, ಕೆಲವು ಐನೂರು ಗಜಕ್ಕೂ ಮಿಗಿಲು. ಹಾದಿಯ ಇಕ್ಕೆಲಗಳಲ್ಲಿ ಮರ, ಪೊದೆ, ಉದ್ದ ಹುಲ್ಲು, ನಡುನಡುವೆ ಮರಳಿನ ಹೊಂಡ, ಕಡೆಯಲ್ಲಿ ನುಣ್ಣಗೆ ಕತ್ತರಿಸಿದ ಹುಲ್ಲಿನ ‘ಗ್ರೀನ್’. ದೂರಕ್ಕೆ ತಕ್ಕಂತೆ ಗುಳಿಯೊಂದಕ್ಕೆ ಮೂರು, ನಾಲ್ಕು ಅಥವಾ ಐದು ಹೊಡೆತಗಳೆಂದು ಪ್ರಮಾಣವುಂಟು. ಅದಕ್ಕೆ ‘ಪಾರ್’ ಎಂದು ಹೆಸರು. ಹದಿನೆಂಟೂ ಸೇರಿದರೆ ಸಾಮಾನ್ಯವಾಗಿ 70ರಿಂದ 72. ಕ್ರಿಕೆಟ್ಟಿನಲ್ಲಿ ಅಂಕಿ ಏರಿದಷ್ಟೂ ಹಿಗ್ಗು; ಇಲ್ಲಿಯಾದರೋ ಇಳಿದಷ್ಟೂ ಹಿಗ್ಗು.

ಆಟವು ಹಳೆಯದು. 1457ರಲ್ಲಿಯೇ ಸ್ಕಾಟ್ಲೆಂಡಿನ ಪಾರ್ಲಿಮೆಂಟು, ಪ್ರಜೆಗಳು ಬಿಲ್ವಿದ್ಯೆಯನ್ನು ಮರೆಯುತ್ತಿರುವರೆಂದು, ಇದನ್ನೂ ಕಾಲ್ಚೆಂಡನ್ನೂ ನಿಷೇಧಿಸಿತು. ನಿಷೇಧವು ನಿಲ್ಲಲಿಲ್ಲ, ಆಟವು ನಿಂತಿತು. ಸೇಂಟ್ ಆಂಡ್ರೂಸ್ ಎಂಬ ಊರಿನಲ್ಲಿ 22 ಗುಳಿಗಳ ಸುತ್ತನ್ನು 1764ರಲ್ಲಿ 18ಕ್ಕೆ ಇಳಿಸಿದರು. ಕಾಲಕ್ರಮದಲ್ಲಿ ಲೋಕವೆಲ್ಲ ಅದನ್ನೇ ಹಿಡಿಯಿತು. ನಮ್ಮ ದೇಶಕ್ಕೂ ಇದು ನಿನ್ನೆ ಮೊನ್ನೆ ಬಂದುದಲ್ಲ. ಕಲ್ಕತ್ತೆಯ ಗಾಲ್ಫ್ ಸಂಘವು 1829ರಲ್ಲಿಯೂ ಬೆಂಗಳೂರಿನದು 1876ರಲ್ಲಿಯೂ ಸ್ಥಾಪಿತವಾದವು.

ಹೇಳುವುದು ಸುಲಭವೆಂದೆವಷ್ಟೆ. ಆಡುವುದು ಹಾಗಲ್ಲ. ಮೊದಲ ದಿನ ನಾವು ಕೋಲನ್ನೆತ್ತಿ ಬೀಸಿದೆವು. ಚೆಂಡು ಇದ್ದಲ್ಲಿಯೇ ಇದ್ದಿತು. ಎರಡನೆಯ ಸಲ ಹುಲ್ಲಿನ ಹೆಂಟೆಯೊಂದು ಹತ್ತು ಗಜ ಹಾರಿತು, ಚೆಂಡು ಎರಡು ಗಜ ಉರುಳಿತು. ತಲೆಯನ್ನು ಎತ್ತಬಾರದು, ಎಡಗೈ ಮಡಿಸಬಾರದು, ಮಂಡಿ ಕೊಂಚ ಬಗ್ಗಿರಬೇಕು, ಹಿಡಿತ ಸಡಿಲವಾಗಿರಬೇಕು, ಹೀಗೆ ನಮ್ಮ ಶಿಷ್ಯರು ಸೂತ್ರಪಾಠವನ್ನೇ ಮಾಡಿದರು. ಸಂಧಿಯ ನಿಯಮಗಳನ್ನು ಒಂದೊಂದಾಗಿ ನೆನೆಯುತ್ತ ಮಾತನಾಡಲು ಹೋದ ಹುಡುಗನ ಬಾಯಿ ಹೇಗೆ ಕಟ್ಟಿಹೋಗುವುದೋ ಹಾಗೆ ನಮ್ಮ ಕೈ ಕಟ್ಟಿಹೋಯಿತು. ಆಗ ನಮಗೆ ಆ ಹುಡುಗರ ಮೇಲೆ ಕನಿಕರ ಹುಟ್ಟಿತು. ನಿವೃತ್ತಿಯಾದ ಮೇಲೆ ಹುಟ್ಟಿದ್ದರಿಂದ ಅವರಿಗೆ ಪ್ರಯೋಜನವಾಗಲಿಲ್ಲ.

ಇಲ್ಲಿ ತಪ್ಪಿಗೆ ಎಡೆ ಬಹಳ ಕಿರಿದು. ಚೆಂಡು ಹೊರಡುವ ದಿಕ್ಕು ಒಂದೇ ಒಂದು ಡಿಗ್ರಿ ಓರೆಯಾದರೂ 200 ಗಜ ಹೋಗುವಷ್ಟರಲ್ಲಿ ಅದು ಮೂರೂವರೆ ಗಜ ಪಕ್ಕಕ್ಕೆ ಸರಿದಿರುತ್ತದೆ. ಕೋಲಿನ ಮುಖವು ಓರೆಯಾಗಿ ತಾಗಿ ಚೆಂಡು ಬುಗುರಿಯಂತೆ ತಿರುಗಿದರೆ ಇನ್ನೂ ದೂರ ಬಾಗಿ ಮರಗಳ ನಡುವೆ ಹೋಗುತ್ತದೆ. ಹೀಗೆ ಹೋದುದನ್ನು ಹುಡುಕಲು ಕೊಡುವ ಕಾಲವಾದರೂ ಎಷ್ಟು? ಮೊದಲು ಐದು ನಿಮಿಷವಿತ್ತು. 2019ರಿಂದ ಮೂರೇ ನಿಮಿಷ.

ಕಳೆದ ಮಳೆಗಾಲದ ಒಂದು ಭಾನುವಾರವನ್ನು ನಾವು ಮರೆಯಲಾರೆವು. ನಾಲ್ಕನೆಯ ಗುಳಿಯ ಬಳಿ ಚೆಂಡು ಮರಳಿನ ಹೊಂಡಕ್ಕೆ ಬಿದ್ದಿತು. ಒಂದು ಹೊಡೆದೆವು, ಮರಳು ಹಾರಿತು. ಎರಡು ಹೊಡೆದೆವು, ಚೆಂಡು ಅಂಚಿನವರೆಗೆ ಏರಿ ಮರಳಿ ನಮ್ಮ ಪಾದಕ್ಕೇ ಬಂದು ನಿಂತಿತು. ಮೂರನೆಯದರಲ್ಲಿ ಸಿಟ್ಟು ಬಂದಿತು. ಸಿಟ್ಟಿನಿಂದ ಹೊಡೆದ ನಾಲ್ಕನೆಯದು ಗ್ರೀನನ್ನು ದಾಟಿ ಆಚೆಯ ಪೊದೆಗೆ ಹೋಯಿತು. ಆ ಗುಳಿಯೊಂದಕ್ಕೇ ನಮಗೆ ಹನ್ನೊಂದು ಹೊಡೆತಗಳಾದವು. ಗೀತೆಯ ಎರಡನೆಯ ಅಧ್ಯಾಯದಲ್ಲಿ ಬರುವ ಸ್ಥಿತಪ್ರಜ್ಞನ ಲಕ್ಷಣವನ್ನು ಎಷ್ಟೋ ವರ್ಷ ಪಾಠ ಹೇಳಿದ ನಾವು, ಚೆಂಡು ಹೊರುವ ಹುಡುಗನ ಎದುರಿಗೆ ಕೋಲನ್ನು ನೆಲಕ್ಕೆ ಬಡಿದೆವು. ಆ ಹುಡುಗನು ಬೇರೆ ಕಡೆಗೆ ಮುಖ ತಿರುಗಿಸಿಕೊಂಡನು. ನಗುತ್ತಿದ್ದನೋ ಮರ್ಯಾದೆಗಾಗಿಯೋ ತಿಳಿಯದು. ವಿಚಿತ್ರವೆಂದರೆ ಐದನೆಯ ಗುಳಿಯಲ್ಲಿ ಅದೇ ಕೈ, ಅದೇ ಕೋಲು; ಚೆಂಡು ನೆಟ್ಟಗೆ ಹಾರಿ, ಬೆಟ್ಟದ ಕಡೆಗೆ ಏರಿ, ಹಾದಿಯ ನಟ್ಟನಡುವೆ ಇಳಿಯಿತು. ಕೈಗೆ ಹೊಡೆದಂತೆಯೇ ಅನಿಸಲಿಲ್ಲ. ಮನೆಗೆ ಬಂದಾಗ ನೆನಪಿನಲ್ಲಿದ್ದುದು ಆ ಒಂದು ಹೊಡೆತ ಮಾತ್ರ. ಮುಂದಿನ ಭಾನುವಾರ ನಮ್ಮನ್ನು ಎಳೆದೊಯ್ದುದೂ ಅದೇ.

ಇಂತಹ ಬೀಳುಗಳಿಗೆ ಪರಿಹಾರವನ್ನು ಯೋಚಿಸಿದವರೂ ಉಂಟು. ಇಂಗ್ಲೆಂಡಿನ ಡಾಕ್ಟರ್ ಫ್ರಾಂಕ್ ಸ್ಟೇಬಲ್‌ಫರ್ಡ್ ಎಂಬವರು ಅಂಕಗಳ ಪದ್ಧತಿಯೊಂದನ್ನು ಏರ್ಪಡಿಸಿದರು. 1932ರಲ್ಲಿ ವಾಲಸಿ ಎಂಬಲ್ಲಿ ಅದರಂತೆ ಪಂದ್ಯ ನಡೆಯಿತು. ಅದರಲ್ಲಿ ಒಂದು ಗುಳಿ ತೀರ ಕೆಟ್ಟರೆ ಅಲ್ಲಿಗೆ ಸೊನ್ನೆ. ಹನ್ನೊಂದಾದರೂ ಸೊನ್ನೆ, ಹದಿನೈದಾದರೂ ಸೊನ್ನೆ. ಚೆಂಡನ್ನೆತ್ತಿಕೊಂಡು ಮುಂದಕ್ಕೆ ನಡೆಯಬಹುದು. ವೈದ್ಯರಿಗೆ ತಕ್ಕ ಕರುಣೆಯೆಂದು ನಮಗೆ ತೋರಿತು.

ಆದರೆ ನಮ್ಮ ಕಣ್ಣು ತೆರೆಯಿಸಿದುದು ‘ಹ್ಯಾಂಡಿಕ್ಯಾಪ್’ ಎಂಬ ಲೆಕ್ಕ. ದುರ್ಬಲನೂ ಸಬಲನೂ ಸಮನಾಗಿ ಆಡಲೆಂದು ಒಬ್ಬೊಬ್ಬನಿಗೂ ಅವನ ಶಕ್ತಿಗೆ ತಕ್ಕಷ್ಟು ಹೊಡೆತಗಳ ರಿಯಾಯಿತಿ ಕೊಡುವುದು ಈ ಆಟದ ವಾಡಿಕೆ. 2020ರಿಂದ ಲೋಕಕ್ಕೆಲ್ಲ ಒಂದೇ ಪದ್ಧತಿ ಬಂದಿದೆ. ಆಟಗಾರನ ಕಡೆಯ 20 ಸುತ್ತುಗಳನ್ನು ತೆಗೆದುಕೊಂಡು, ಅವುಗಳಲ್ಲಿ ಉತ್ತಮವಾದ 8ರ ಸರಾಸರಿಯನ್ನು ಹಿಡಿಯುತ್ತಾರೆ. ಉಳಿದ 12 ಲೆಕ್ಕಕ್ಕೇ ಬರುವುದಿಲ್ಲ. ಎಂದ ಮೇಲೆ ಅವನ ಹೆಸರಿನ ಮುಂದೆ ನಿಲ್ಲುವ ಅಂಕಿಯು ಅವನ ಒಳ್ಳೆಯ ದಿನಗಳ ಅಂಕಿ. ಅದೇ ತನ್ನ ನಿತ್ಯದ ಯೋಗ್ಯತೆಯೆಂದು ತಿಳಿದವನು ಐದು ದಿನಗಳಲ್ಲಿ ಮೂರು ನಾಲ್ಕು ದಿನ ತನ್ನನ್ನು ತಾನೇ ಹಳಿದುಕೊಂಡು ಮನೆಗೆ ಬರಬೇಕಾಗುತ್ತದೆ.

ನಾವು ಹಾಗೆಯೇ ಬರುತ್ತಿದ್ದೆವು. ನಮ್ಮಂತೆ ಎಷ್ಟು ಮನೆಗಳಲ್ಲಿ ನಡೆಯುತ್ತಿಲ್ಲ? ಮಗುವು ಒಮ್ಮೆ ತೊಂಬತ್ತು ಅಂಕ ತಂದರೆ ಅದೇ ಅದರ ಅಳತೆಯೆಂದು ತಂದೆತಾಯಿಗಳು ಗೋಡೆಗೆ ಗೀಟು ಹಾಕುತ್ತಾರೆ. ಮುಂದೆ ಬಂದ ಎಪ್ಪತ್ತೈದೆಲ್ಲ ಅಪರಾಧ. ಉಪಾಧ್ಯಾಯರಾದ ನಾವೂ ಅಂತಹ ಗೀಟುಗಳನ್ನು ಹಾಕಿದವರೇ. ಕೆಟ್ಟ ದಿನಗಳು ಎಲ್ಲರ ಪಾಲಿಗೂ ಹೆಚ್ಚಾಗಿಯೇ ಇರುತ್ತವೆಂಬುದನ್ನು ಅರುವತ್ತರ ಮೇಲೆ ಗಾಲ್ಫ್ ಮೈದಾನದಲ್ಲಿ ಕಲಿಯಬೇಕಾಯಿತು.

ದೊಡ್ಡವರಿಗೂ ಇದು ತಪ್ಪಿದುದಲ್ಲ. ಅಮೆರಿಕದ ಬಾಬಿ ಜೋನ್ಸ್ ಎಂಬವರು ಕಡೆಯವರೆಗೂ ಹಣಕ್ಕಾಗಿ ಪಂದ್ಯವಾಡದೆ ಹವ್ಯಾಸಿಯಾಗಿಯೇ ಉಳಿದವರು. 1921ರಲ್ಲಿ ಅವರಿಗೆ ವಯಸ್ಸು ಹತ್ತೊಂಬತ್ತು. ಸೇಂಟ್ ಆಂಡ್ರೂಸಿನಲ್ಲಿ ಬ್ರಿಟಿಷ್ ಓಪನ್ ಪಂದ್ಯದ ಮೂರನೆಯ ಸುತ್ತಿನಲ್ಲಿ ಆಟವು ಕೆಟ್ಟು, ಹನ್ನೊಂದನೆಯ ಗುಳಿಯಲ್ಲಿ ಬೇಸತ್ತು ಚೆಂಡನ್ನೆತ್ತಿಕೊಂಡುಬಿಟ್ಟರು. ಅದೇ ಮೈದಾನದಲ್ಲಿ 1927ರಲ್ಲಿ ಅದೇ ಪಂದ್ಯವನ್ನು ಗೆದ್ದರು. 1958ರಲ್ಲಿ ಆ ಊರಿನವರು ಅವರನ್ನು ಕರೆಸಿ ಪೌರಸನ್ಮಾನವನ್ನು ನೀಡಿದರು. ಈ ಎರಡರ ನಡುವೆ, 1925ರ ಅಮೆರಿಕದ ಓಪನ್ ಪಂದ್ಯದಲ್ಲಿ, ಉದ್ದ ಹುಲ್ಲಿನಲ್ಲಿದ್ದ ಚೆಂಡಿಗೆ ಕೋಲನ್ನು ಹೊಂದಿಸುವಾಗ ಅದು ಎಳ್ಳಷ್ಟು ಅಲುಗಿತು. ಅದನ್ನು ಕಂಡವರು ಬೇರಾರೂ ಇರಲಿಲ್ಲ. ಜೋನ್ಸರು ತಾವಾಗಿ ಹೇಳಿ ಒಂದು ಹೊಡೆತದ ದಂಡವನ್ನು ಹಾಕಿಸಿಕೊಂಡರು. ಪಂದ್ಯವು ವಿಲ್ಲಿ ಮಕ್‌ಫಾರ್ಲೇನ್ ಎಂಬವರೊಡನೆ ಸಮವಾಗಿ, ಮರು ಆಟದಲ್ಲಿ ಜೋನ್ಸರು ಸೋತರು. ಆ ಒಂದು ಹೊಡೆತವಿಲ್ಲದಿದ್ದರೆ ಗೆಲವು ಅವರದಾಗುತ್ತಿತ್ತು.

ಈ ಕಥೆಯನ್ನು ನಮ್ಮ ಶಿಷ್ಯರು ಮೊದಲ ತಿಂಗಳಲ್ಲಿಯೇ ಹೇಳಿದ್ದರು. ನಾವು ಮೆಚ್ಚಿ ತಲೆದೂಗಿದ್ದೆವು. ತಲೆದೂಗುವುದು ಸುಲಭವೆಂದು ಈಚೆಗೆ ತಿಳಿಯಿತು.

ನಮ್ಮಂತಹವರಿಗೆ 72 ಎಂಬುದು ಸ್ವಪ್ನದ ಮಾತು. ನಮ್ಮ ಆಸೆಯೆಲ್ಲ 100ರ ಒಳಗೆ ಮುಗಿಸಬೇಕೆಂಬುದು. ಒಂದೂವರೆ ವರ್ಷದಲ್ಲಿ ಅದು ಒಮ್ಮೆಯೂ ಕೈಗೂಡಿರಲಿಲ್ಲ. ಈ ಮಾಘಮಾಸದ ಒಂದು ಬೆಳಗ್ಗೆ, ಬೆಟ್ಟದ ಮೇಲಿನ ಮಂಜು ಕರಗುವಷ್ಟರಲ್ಲಿ, ಮೊದಲ ಒಂಬತ್ತು ಗುಳಿಗಳು 48ಕ್ಕೆ ಮುಗಿದವು. ಹದಿನಾರು ಮುಗಿದಾಗ ಒಟ್ಟು 88. ಉಳಿದ ಎರಡು ಗುಳಿಗಳಿಗೆ ಹನ್ನೊಂದು ಹೊಡೆತಗಳು. ಹಿಂದೊಮ್ಮೆ ಒಂದೇ ಗುಳಿಗೆ ನಾವು ತೆಗೆದುಕೊಂಡಷ್ಟು.

ಹದಿನೇಳನೆಯದರಲ್ಲಿ ಎರಡನೆಯ ಹೊಡೆತವು ಬಲಗಡೆಯ ಮರಗಳ ಕೆಳಗೆ ಹೋಯಿತು. ಶಿಷ್ಯರು ಹಾದಿಯ ಆಚೆ ಬದಿಯಲ್ಲಿ ತಮ್ಮ ಚೆಂಡನ್ನು ಅರಸುತ್ತಿದ್ದರು. ಹುಡುಗನೂ ಅವರೊಡನೆ ಇದ್ದನು. ನಮ್ಮ ಚೆಂಡಿಗೆ ಒಂದು ಒಣಗಿದ ಎಲೆ ಒರಗಿಕೊಂಡಿತ್ತು. ಅದನ್ನು ತೆಗೆದೆವು. ಚೆಂಡು ಅರ್ಧ ಸುತ್ತು ಉರುಳಿ ಒಂದಂಗುಲ ಮುಂದೆ ನಿಂತಿತು. ನಿಯಮವು ನಮಗೆ ತಿಳಿಯದೆ ಇರಲಿಲ್ಲ: ದಂಡ ಒಂದು ಹೊಡೆತ, ಚೆಂಡನ್ನು ಮೊದಲಿದ್ದಲ್ಲಿಯೇ ಇಡಬೇಕು. ಒಂದಂಗುಲದಿಂದ ಯಾರಿಗೆ ಏನು ಲಾಭವೆಂದು ಮನಸ್ಸು ಕೇಳಿತು. ಅದಕ್ಕೆ ಉತ್ತರ ಕೊಡದೆ ನಾವು ಹೊಡೆದೆವು. ಹೊಡೆತವು ಚೆನ್ನಾಗಿಯೇ ಆಯಿತು. ಆ ಗುಳಿಗೆ 6, ಕಡೆಯದಕ್ಕೆ 5. ಶಿಷ್ಯರು ಕಾರ್ಡಿನಲ್ಲಿ 99 ಎಂದು ಬರೆದು, ಸ್ವಂತ ಗೆಲವೇ ಎಂಬಂತೆ ನಮ್ಮ ಎರಡು ಕೈಗಳನ್ನೂ ಹಿಡಿದುಕೊಂಡರು.

ಆ ಕೈಗಳನ್ನು ನೋಡಿ ನಮಗೆ ಹಳೆಯದೊಂದು ನೆನಪಾಯಿತು. ಇವರು ಎಂಟನೆಯ ತರಗತಿಯಲ್ಲಿದ್ದಾಗ ಸಂಸ್ಕೃತದ ಉತ್ತರಪತ್ರಿಕೆಯನ್ನು ತಿದ್ದುವಲ್ಲಿ ನಾವು ಕೂಡಿಕೆ ತಪ್ಪಿ ಆರು ಅಂಕ ಹೆಚ್ಚು ಹಾಕಿದ್ದೆವು. ಹುಡುಗನು ಪತ್ರಿಕೆಯನ್ನು ಹೀಗೆಯೇ ಎರಡು ಕೈಗಳಲ್ಲಿ ಹಿಡಿದು ತಂದು ನಮ್ಮ ಮೇಜಿನ ಮೇಲಿಟ್ಟು, ಲೆಕ್ಕ ತಪ್ಪಿದೆ ಎಂದನು. ನಾವು ಆರನ್ನು ಹೊಡೆದುಹಾಕಿದೆವು. ಅವನ ಮೊದಲ ಸ್ಥಾನವು ಹೋಯಿತು. ಅಂದು ನಾವು ಅವನಿಗೆ ಒಂದು ಒಳ್ಳೆಯ ಮಾತನ್ನೂ ಆಡಿದ ನೆನಪಿಲ್ಲ; ತಿದ್ದಬೇಕಾದ ಕಟ್ಟುಗಳು ಇನ್ನೂ ಇದ್ದವು.

ನಾವು ಎಲೆಯ ಸಂಗತಿಯನ್ನು ಹೇಳಿದೆವು. ಅವರು ಕೊಂಚ ಹೊತ್ತು ಸುಮ್ಮನಿದ್ದು, ಬಳಿಕ ಮೆಲ್ಲಗೆ, “ಚೆಂಡನ್ನು ಹಿಂದಕ್ಕೆ ಇಟ್ಟಿರಾ, ಮೇಷ್ಟ್ರೆ?” ಎಂದು ಕೇಳಿದರು. ಇಲ್ಲವೆಂದೆವು. “ಇಟ್ಟಿದ್ದರೆ ಒಂದು. ಇಡದೆ ಆಡಿದರೆ ಎರಡು” ಎಂದು ಹೇಳಿ, 99ನ್ನು ಹೊಡೆದು 101 ಎಂದು ಬರೆದರು. ಸುಮ್ಮನಿದ್ದ ಅರ್ಧ ಗಂಟೆಗೆ ಒಂದು ಹೊಡೆತ ಬಡ್ಡಿ! ನಾವು ಕಾರ್ಡಿಗೆ ರುಜು ಹಾಕಿದೆವು. ಕೈ ನಡುಗಲಿಲ್ಲವೆಂದರೆ ಸುಳ್ಳಾದೀತು.

ಅಂದು ಮನೆಗೆ ಹೋಗುವ ದಾರಿಯಲ್ಲಿ ದುಃಖವೂ ಇತ್ತು, ಹಗುರವೂ ಇತ್ತು. ಆ 99ನ್ನು ಇಟ್ಟುಕೊಂಡಿದ್ದರೆ ಮುಂದೆ ನಿಜವಾಗಿ ಬರಬಹುದಾದ 99ನ್ನು ಗುರುತಿಸಲು ನಮ್ಮಲ್ಲಿ ಏನು ಉಳಿಯುತ್ತಿತ್ತು? ಕೆಟ್ಟ ದಿನವನ್ನು ಕೆಟ್ಟದೆಂದು ಬರೆದವನಿಗೆ ಮಾತ್ರ ಒಳ್ಳೆಯ ದಿನವು ಒಳ್ಳೆಯದಾಗಿ ಕಾಣುತ್ತದೆ. ಮನೆಯ ಜಮಾಖರ್ಚಿನ ಪುಸ್ತಕವನ್ನು ಬರೆಯುವ ಗೃಹಿಣಿಯರಿಗೆ ಇದನ್ನು ನಾವು ಹೇಳಬೇಕಾಗಿಲ್ಲ. ಇಲ್ಲದ ಉಳಿತಾಯವನ್ನು ಬರೆದಿಟ್ಟರೆ ತಿಂಗಳ ಕಡೆಯಲ್ಲಿ ಡಬ್ಬಿ ಬರಿದಾಗಿಯೇ ಇರುತ್ತದೆ.

ಮನೆಯಲ್ಲಿ ಎಷ್ಟಾಯಿತೆಂದು ಕೇಳಿದರು. ನೂರೊಂದು ಎಂದೆವು. “ಶುಭಸಂಖ್ಯೆಯಾಯಿತಲ್ಲ, ಮುಯ್ಯಿಗೆ ಕೊಟ್ಟ ಹಾಗೆ” ಎಂದು ಕಾಫಿಯನ್ನು ತಂದಿಟ್ಟರು. ಅದಾದ ಮೇಲೆ ಆರು ಭಾನುವಾರಗಳು ಕಳೆದಿವೆ. 104, 109, 103, ಮಳೆಯಿಂದ ನಿಂತುದೊಂದು, 112, 102. ನೂರರ ಒಳಗೆ ನಾವು ಇನ್ನೂ ಬಂದಿಲ್ಲ. ನಾಳೆ ಭಾನುವಾರ, ಕೋಲುಗಳನ್ನು ಒರೆಸಿ ಬಾಗಿಲ ಬಳಿ ಇಟ್ಟಿದ್ದೇವೆ.