ಹೆಸರು ಅಲ್ಲಿ, ಕಂಠ ಇಲ್ಲಿ

ಯಕ್ಷಗಾನ ಮೇಳವೊಂದರ ಮುಖ್ಯ ಭಾಗವತರು ಆ ಮೇಳವನ್ನು ತೊರೆದು ಬೇರೊಂದು ಮೇಳದ ಜಾಗಟೆ ಹಿಡಿದರೆ, ಮೇಳದ ಹೆಸರನ್ನು ನಂಬಿದವರು ಹಳೆಯ ರಂಗಸ್ಥಳಕ್ಕೂ, ಪದದ ರುಚಿ ಹತ್ತಿದವರು ಹೊಸ ರಂಗಸ್ಥಳಕ್ಕೂ ಹಂಚಿಹೋಗುವುದನ್ನು ನಮ್ಮ ಕರಾವಳಿಯವರು ಬಲ್ಲರು. ಇಂಗ್ಲೆಂಡಿನ ‘ಯೆಸ್’ ಎಂಬ ಪ್ರೊಗ್ರೆಸಿವ್ ರಾಕ್ ತಂಡದ ರಸಿಕರಿಗೆ 2008ರಿಂದೀಚೆಗೆ ಒದಗಿರುವುದು ಅಂಥದೇ ಧರ್ಮಸಂಕಟ. ತಂಡದ ಹೆಸರು ಇಂದು ಗಿಟಾರ್ ವಾದಕ ಸ್ಟೀವ್ ಹೌ ಅವರ ಪಕ್ಷದಲ್ಲಿದೆ. ಆ ಹೆಸರನ್ನು ಕೇಳಿದೊಡನೆ ಕಿವಿಯಲ್ಲಿ ಮೊಳಗುವ ಕಂಠವಾದರೋ ಜಾನ್ ಆಂಡರ್ಸನ್ ಅವರದು. ಎಂಬತ್ತು ತುಂಬಲು ಎರಡು ತಿಂಗಳಿರುವಾಗ, 2024ರ ಆಗಸ್ಟ್‌ನಲ್ಲಿ, ಆಂಡರ್ಸನ್ ಅವರು ‘ಟ್ರೂ’ ಎಂಬ ಆಲ್ಬಮ್ಮನ್ನು ಹೊರತಂದು, ಅದರಲ್ಲಿ ನುಡಿಸಿದ ‘ಬ್ಯಾಂಡ್ ಗೀಕ್ಸ್’ ಎಂಬ ತಂಡದೊಡನೆಯೇ ಅಮೆರಿಕದ ಊರೂರು ತಿರುಗುತ್ತಿದ್ದಾಗ, ರಸಿಕರ ನಡುವೆ ಹಳೆಯ ವಾದವು ಹೊಸ ರೂಪದಲ್ಲಿ ತಲೆಯೆತ್ತಿತು: ಇದು ಗಾಯಕರೊಬ್ಬರ ಸ್ವಂತ ಆಲ್ಬಮ್ಮೋ, ಹೆಸರೊಂದನ್ನುಳಿದು ಮಿಕ್ಕೆಲ್ಲ ಬಗೆಯಲ್ಲಿಯೂ ಯೆಸ್ ಆಲ್ಬಮ್ಮೋ, ಅಥವಾ ಯೆಸ್ ಸಂಗೀತವನ್ನು ಕಂಠಪಾಠ ಮಾಡಿದ ಚತುರರ ಅನುಕರಣವೋ?

ಈ ಪ್ರಶ್ನೆಗೆ ಉತ್ತರವನ್ನು ‘ಟ್ರೂ’ವಿನಲ್ಲಿ ಹುಡುಕುವುದಕ್ಕಿಂತ ಅರ್ಧ ಶತಮಾನದ ಹಿಂದಿನ ಕೆಲವು ಸಂಗತಿಗಳಲ್ಲಿ ಹುಡುಕುವುದೇ ಲೇಸೆಂದು ನಮಗೆ ತೋರುತ್ತದೆ.

ಲ್ಯಾಂಕಾಷೈರಿನ ಅಕ್ರಿಂಗ್ಟನ್ ಎಂಬ ಗಿರಣಿಯೂರಿನಲ್ಲಿ 1944ರಲ್ಲಿ ಹುಟ್ಟಿದ ಆಂಡರ್ಸನ್, ಊರಿನ ಫುಟ್‌ಬಾಲ್ ತಂಡದಲ್ಲಿ ಆಡಬೇಕೆಂಬ ಹಂಬಲಕ್ಕೆ ಮೈಕಟ್ಟು ಸಾಲದೆ, ಲಾರಿ ಓಡಿಸಿ, ಹಾಲು ಹಂಚಿ, ಅಣ್ಣನೊಡನೆ ‘ವಾರಿಯರ್ಸ್’ ಎಂಬ ತಂಡದಲ್ಲಿ ಹಾಡಿ, ಜರ್ಮನಿಯ ಕ್ಲಬ್ಬುಗಳನ್ನು ಸುತ್ತಿ, ಕಡೆಗೆ ಲಂಡನ್ನಿನ ಸೋಹೋದಲ್ಲಿದ್ದ ‘ಲಾ ಶಾಸ್’ ಎಂಬ ಪಾನಗೃಹದಲ್ಲಿ ಕೆಲಸಕ್ಕೆ ನಿಂತರು. ಆ ಪಾನಗೃಹದ ಒಡೆಯರೇ 1968ರಲ್ಲಿ ಅವರಿಗೆ ಕ್ರಿಸ್ ಸ್ಕ್ವೈರ್ ಎಂಬ ಬೇಸ್ ಗಿಟಾರ್ ವಾದಕರನ್ನು ಪರಿಚಯ ಮಾಡಿಸಿದರು. ಇಗರ್ಜಿಯ ಗಾಯನವೃಂದದಲ್ಲಿ ಬೆಳೆದ ಸ್ಕ್ವೈರ್‌ಗೂ, ಯಾವ ವಾದ್ಯದಲ್ಲಿಯೂ ಪಾರಂಗತರಲ್ಲದ ಆಂಡರ್ಸನ್‌ಗೂ ಕೂಡಿದ್ದು ಹಲವು ಕಂಠಗಳು ಬೆರೆತು ಹಾಡುವ ಹಾಡಿನ ಮೋಹದಿಂದ. ಅದೇ ವರ್ಷ ಯೆಸ್ ಹುಟ್ಟಿತು.

ಮುಂದಿನದು ಈ ಕಥೆಗೆ ಮುಖ್ಯವಾದುದು. 1972ರಲ್ಲಿ ‘ಕ್ಲೋಸ್ ಟು ದಿ ಎಡ್ಜ್’ ಎಂಬ 18 ನಿಮಿಷಕ್ಕೂ ಮಿಗಿಲಾದ ಕೃತಿಯನ್ನು ಅವರು ಲಂಡನ್ನಿನ ಸ್ಟುಡಿಯೋದಲ್ಲಿ ರಚಿಸಿದ ಕ್ರಮವು ವಿಲಕ್ಷಣವಾಗಿದ್ದಿತು. ಕೆಲವು ನಿಮಿಷಗಳಷ್ಟನ್ನು ಅಭ್ಯಾಸ ಮಾಡುವುದು, ಧ್ವನಿಮುದ್ರಿಸುವುದು, ಮರುದಿನ ಮುಂದಿನ ತುಂಡಿಗೆ ಕೈಹಾಕುವುದು, ಬಳಿಕ ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಒಂದಕ್ಕೊಂದು ಅಂಟಿಸುವುದು: ಹೀಗೆ ಕೃತಿಯು ಸಿದ್ಧವಾದಾಗ ಅದನ್ನು ಆದಿಯಿಂದ ಅಂತ್ಯದವರೆಗೆ ಒಂದೇ ಉಸಿರಿನಲ್ಲಿ ನುಡಿಸಿದವರು ಅವರಲ್ಲಿ ಒಬ್ಬರೂ ಇರಲಿಲ್ಲ. ತಾವೇ ಮಾಡಿದ ರೆಕಾರ್ಡನ್ನು ಮುಂದಿಟ್ಟುಕೊಂಡು, ಪರರ ಕೃತಿಯನ್ನು ಕಲಿಯುವಂತೆ ತಾವೇ ಅದನ್ನು ಕಲಿಯಬೇಕಾಯಿತು. ಅಷ್ಟರಲ್ಲಿ ಡ್ರಮ್ಸ್ ವಾದಕ ಬಿಲ್ ಬ್ರೂಫೋರ್ಡ್ ತಂಡವನ್ನು ಬಿಟ್ಟು ‘ಕಿಂಗ್ ಕ್ರಿಮ್ಸನ್’ ಸೇರಿದರು. ಅವರ ಜಾಗಕ್ಕೆ ಬಂದ ಅಲನ್ ವೈಟ್ ಅವರಿಗೆ, ಟೆಕ್ಸಸ್ಸಿನ ಡಲ್ಲಾಸಿನಲ್ಲಿ ಪ್ರವಾಸವು ಆರಂಭವಾಗುವುದಕ್ಕೆ ಮುನ್ನ, ಆ ವಿಷಮತಾಳಗಳ ಸಂಗೀತವನ್ನೆಲ್ಲ ಕಿವಿಗೂ ಕೈಗೂ ಹತ್ತಿಸಿಕೊಳ್ಳಲು ದೊರೆತದ್ದು 3 ದಿನ. ವೈಟ್ ಮುಂದೆ 2022ರಲ್ಲಿ ಕಾಲವಾಗುವವರೆಗೆ, ಅಂದರೆ ಅರ್ಧ ಶತಮಾನ, ಆ ತಂಡದಲ್ಲಿಯೇ ಉಳಿದರೆಂಬುದನ್ನು ನೆನೆದರೆ, ಯೆಸ್ ತಂಡದ ಅತ್ಯಂತ ನಿಷ್ಠಾವಂತ ಸದಸ್ಯರೊಬ್ಬರು ರೆಕಾರ್ಡನ್ನು ಕೇಳಿ ಕಲಿತು ಒಳಬಂದವರೇ ಹೊರತು ಮೂಲಪುರುಷರಲ್ಲವೆಂಬುದು ಮನದಟ್ಟಾಗುತ್ತದೆ.

ರೆಕಾರ್ಡೇ ಗ್ರಂಥವಾದ ಸಂಗೀತವಿದು. ‘ರೌಂಡಬೌಟ್’ ಹಾಡು ತೊಡಗುವಾಗ, ನಾದವೊಂದು ದೂರದಿಂದ ಉಬ್ಬುತ್ತ ಬಂದು ಥಟ್ಟನೆ ಕಡಿದು, ಆ ಕಡಿತದಲ್ಲಿ ಗಿಟಾರಿನ ಒಂಟಿ ತಂತಿ ಮಿಡಿಯುವುದನ್ನು ಕೇಳಿದವರು ಮರೆಯರು. ಅದು ಪಿಯಾನೋವಿನ ಸ್ವರವನ್ನು ಮುದ್ರಿಸಿ ಟೇಪನ್ನು ಹಿಂದುಮುಂದಾಗಿ ಓಡಿಸಿದ್ದು, ಯಾವ ಪಿಯಾನೋವಿನಲ್ಲಿಯೂ ಆ ಕ್ರಮದಲ್ಲಿ ನುಡಿಯದು. 1977ರ ‘ಅವೇಕನ್’ ಕೃತಿಯಲ್ಲಿ ಕೇಳುವ ಆರ್ಗನ್ ಸ್ವಿಟ್ಸರ್ಲೆಂಡಿನ ವೆವೆ ಎಂಬ ಊರಿನ ಇಗರ್ಜಿಯದು. ತಂಡದ ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ ಅಲ್ಲಿ ಕುಳಿತು ನುಡಿಸುತ್ತಿದ್ದರೆ, ಮಿಕ್ಕವರು ಮಾಂತ್ರೋ ನಗರದ ಸ್ಟುಡಿಯೋದಲ್ಲಿ ಟೆಲಿಫೋನ್ ತಂತಿಯ ಮೂಲಕ ಅದನ್ನು ಕೇಳುತ್ತ ಜೊತೆಗೂಡಿದರು. ಸ್ಕ್ವೈರ್ ತಮ್ಮ ರಿಕನ್‌ಬ್ಯಾಕರ್ ಬೇಸ್ ಗಿಟಾರಿನ ಎರಡು ಪಿಕಪ್‌ಗಳ ನಾದವನ್ನು ಬೇರೆಬೇರೆ ಆಂಪ್ಲಿಫೈಯರುಗಳಿಗೆ ಹರಿಸಿ, ಒಂದರಿಂದ ಗುಡುಗನ್ನೂ ಇನ್ನೊಂದರಿಂದ ಲೋಹದ ಹರಿತವನ್ನೂ ಹೊರಡಿಸುತ್ತಿದ್ದರು. ಇವನ್ನೆಲ್ಲ ಯಾವ ಸ್ವರಲಿಪಿಯೂ ಹಿಡಿದಿಡದು. ಕಲಿಯಬೇಕೆಂಬುವನು ರೆಕಾರ್ಡಿನ ಮುಂದೆ ಕುಳಿತು, ಮುಳ್ಳನ್ನು ಮತ್ತೆ ಮತ್ತೆ ಹಿಂದಕ್ಕಿಡಬೇಕು.

ಇದೇ ಅವಧಿಯ ಒಂದು ಪ್ರಸಂಗಕ್ಕೆ ಭಾರತದ ನಂಟಿರುವುದರಿಂದ ಅದನ್ನು ಹೇಳದೆ ಮುಂದುವರಿಯಲಾಗದು. 1973ರ ಮಾರ್ಚ್‌ನಲ್ಲಿ ಬ್ರೂಫೋರ್ಡ್ ಅವರ ಮದುವೆಯಲ್ಲಿ ಭೇಟಿಯಾದ ಜೇಮಿ ಮ್ಯೂರ್ ಎಂಬ ತಾಳವಾದ್ಯಗಾರರು ಪರಮಹಂಸ ಯೋಗಾನಂದರ ‘ಯೋಗಿಯ ಆತ್ಮಕಥೆ’ಯ ವಿಚಾರವನ್ನು ಆಂಡರ್ಸನ್ ಅವರ ತಲೆಗೆ ಹಾಕಿದರು, ಟೋಕಿಯೋದ ಹೋಟೆಲಿನಲ್ಲಿ ಅದನ್ನೋದುತ್ತಿದ್ದಾಗ ಶ್ರುತಿ, ಸ್ಮೃತಿ, ಪುರಾಣ, ತಂತ್ರಗಳೆಂಬ ಶಾಸ್ತ್ರವಿಭಾಗವನ್ನು ವಿವರಿಸುವ ಅಡಿಟಿಪ್ಪಣಿಯೊಂದು ಕಣ್ಣಿಗೆ ಬಿತ್ತು, ನಾಲ್ಕಕ್ಕೆ ನಾಲ್ಕು ಮಗ್ಗುಲೆಂದು ಎರಡು ಎಲ್‌ಪಿಗಳ ‘ಟೇಲ್ಸ್ ಫ್ರಮ್ ಟೋಪೋಗ್ರಾಫಿಕ್ ಓಷನ್ಸ್’ ಅದೇ ವರ್ಷ ಸಿದ್ಧವಾಯಿತು. ಅಡಿಟಿಪ್ಪಣಿಯೊಂದರ ಮೇಲೆ 80 ನಿಮಿಷಗಳ ಸೌಧವನ್ನೆಬ್ಬಿಸಿದ ಸಾಹಸವನ್ನು ನಮ್ಮ ಭಾಷ್ಯಕಾರರಾದರೂ ಮೆಚ್ಚಿಯಾರು. ವೇಕ್‌ಮನ್ ಮಾತ್ರ ಮೆಚ್ಚಲಿಲ್ಲ. ಮ್ಯಾಂಚೆಸ್ಟರಿನ ಕಛೇರಿಯ ನಡುವೆ ಬೇಸರವಾಗಿ ವೇದಿಕೆಯ ಮೇಲೆಯೇ ಕೋಳಿಸಾರು ತರಿಸಿ ತಿಂದದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಶಾಸ್ತ್ರವೂ ಸಾರೂ ಭಾರತದಿಂದಲೇ ಹೋದವೆಂಬುದು ನಮಗೆ ಸಮಾಧಾನ.

ಆಂಡರ್ಸನ್ ಅವರಿಗೆ ಏಕಾಕಿಯಾಗಿ ಕೆಲಸ ಮಾಡಿ ಗೊತ್ತಿಲ್ಲದೆ ಇರಲಿಲ್ಲ. 1976ರ ‘ಒಲಾಯಸ್ ಆಫ್ ಸನ್‌ಹಿಲೋ’ದಲ್ಲಿ ಎಲ್ಲ ವಾದ್ಯಗಳನ್ನೂ ಮನೆಯಲ್ಲಿ ತಾವೇ ನುಡಿಸಿದರು. ಅದು ಸುಂದರವಾದ ಕೃತಿ. ಆದರೆ ಎದುರು ನಿಂತು ‘ಇದು ಬೇಡ’ ಎನ್ನುವವರಿಲ್ಲದ ಸಂಗೀತಕ್ಕೆ ಬರುವ ಒಂದು ಬಗೆಯ ಮಂಜು ಅದನ್ನೂ ಆವರಿಸಿದೆ. ಆ ಕಂಠಕ್ಕೆ ಬೇಕಾದುದು ಒಡನೆ ಸೆಣಸುವ ವಾದ್ಯಗಳು. ತಂಡವನ್ನು 1980ರಲ್ಲಿ ಬಿಟ್ಟು, ಮರಳಿ, ಮತ್ತೆ ಬಿಟ್ಟು, ಮತ್ತೆ ಕೂಡಿದ ಚರಿತ್ರೆಯನ್ನು ಇಲ್ಲಿ ವಿಸ್ತರಿಸುವುದು ಬೇಡ.

2008ರಲ್ಲಿ ಅವರಿಗೆ ಉಸಿರಾಟದ ತೀವ್ರ ತೊಂದರೆಯುಂಟಾಗಿ ಯೆಸ್ ಪ್ರವಾಸವು ರದ್ದಾಯಿತು. ಅವರು ಚೇತರಿಸಿಕೊಳ್ಳುವವರೆಗೆ ಕಾಯದೆ ಉಳಿದವರು ಬೆನ್ವಾ ಡೇವಿಡ್ ಎಂಬ ಕೆನಡಾದ ಗಾಯಕರನ್ನು ಕರೆತಂದರು. ಯೆಸ್ ಹಾಡುಗಳನ್ನೇ ಹಾಡುವ ಟ್ರಿಬ್ಯೂಟ್ ತಂಡವೊಂದರಲ್ಲಿ ಅವರು ಹಾಡುತ್ತಿದ್ದುದನ್ನು ಸ್ಕ್ವೈರ್ ಯೂಟ್ಯೂಬ್‌ನಲ್ಲಿ ಕಂಡಿದ್ದರು. 2012ರಲ್ಲಿ ಆ ಜಾಗಕ್ಕೆ ಬಂದ ಜಾನ್ ಡೇವಿಸನ್ ಅವರೂ ಟ್ರಿಬ್ಯೂಟ್ ತಂಡದಲ್ಲಿ ಪಳಗಿದವರೇ. ಆಂಡರ್ಸನ್ ಪಕ್ಷದವರು ಇದನ್ನು ಅಪಚಾರವೆಂದು ಬಗೆದು ಅನೇಕ ವರ್ಷ ಕಿಡಿಕಾರಿದರು. ಆ ಕಿಡಿಗೆ ನ್ಯಾಯವಿದ್ದಿತು, ಒಪ್ಪೋಣ; ರೋಗಿಯ ಹಾಸಿಗೆ ಆರುವ ಮುನ್ನ ಪೀಠವನ್ನು ತುಂಬುವುದು ಸೌಜನ್ಯವಲ್ಲ. ಆದರೆ ‘ಟ್ರಿಬ್ಯೂಟ್ ಗಾಯಕ’ ಎಂಬುದನ್ನು ಬೈಗುಳವಾಗಿ ಬಳಸಿದವರು ಮುಂದೆ ತಮ್ಮ ಪಕ್ಷದಲ್ಲಿಯೇ ಅದಕ್ಕೆ ಉತ್ತರ ಕೊಡಬೇಕಾಗಿ ಬಂದಿತು.

ಇತ್ತ ಆಂಡರ್ಸನ್ ತಮ್ಮ ವೆಬ್‌ಸೈಟಿನಲ್ಲಿ ಬೇರೆಬೇರೆ ದೇಶಗಳ ಸಂಗೀತಗಾರರಿಗೆ ಕರೆಕೊಟ್ಟು, ಅವರು ಕಳುಹಿಸಿದ ಸಂಗೀತಕ್ಕೆ ತಮ್ಮ ಕಂಠವನ್ನು ಕೂಡಿಸಿ ‘ಸರ್ವೈವಲ್ ಅಂಡ್ ಅದರ್ ಸ್ಟೋರೀಸ್’ ಎಂಬ ಆಲ್ಬಮ್ಮನ್ನು ಮಾಡಿದರು. ಅದಕ್ಕೂ ಮೊದಲು, 2005ರಲ್ಲಿ, ಪಾಲ್ ಗ್ರೀನ್ ಅವರ ‘ಸ್ಕೂಲ್ ಆಫ್ ರಾಕ್’ನ ಶಾಲಾಮಕ್ಕಳೊಡನೆ ವೇದಿಕೆಯೇರಿ, ತಮ್ಮ ಕೃತಿಗಳನ್ನು ಹದಿಹರೆಯದವರು ತಪ್ಪಿಲ್ಲದೆ ನುಡಿಸಬಲ್ಲರೆಂಬುದನ್ನು ಕಣ್ಣಾರೆ ಕಂಡಿದ್ದರು. 2017ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ನಡೆದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸಮಾರಂಭದಲ್ಲಿ ಎರಡು ಪಕ್ಷದವರೂ ಒಂದೇ ವೇದಿಕೆಯಲ್ಲಿ ‘ರೌಂಡಬೌಟ್’ ನುಡಿಸಿದಾಗ, ಎರಡು ವರ್ಷ ಮೊದಲೇ ಕಾಲವಾಗಿದ್ದ ಸ್ಕ್ವೈರ್ ಅವರ ಬೇಸ್ ಭಾಗವನ್ನು ನುಡಿಸಿದವರು ‘ರಶ್’ ತಂಡದ ಗೆಡ್ಡಿ ಲೀ. ಅವರೂ ಯೌವನದಲ್ಲಿ ಯೆಸ್ ರೆಕಾರ್ಡುಗಳ ಮುಂದೆ ಕುಳಿತು ಬೆಳೆದವರು.

ರಿಚಿ ಕ್ಯಾಸ್ಟೆಲ್ಲಾನೊ ಅವರ ಪ್ರವೇಶ ಇಂಥ ಹಿನ್ನೆಲೆಯಲ್ಲಿ ಆಯಿತು. ‘ಬ್ಲೂ ಆಯ್ಸ್ಟರ್ ಕಲ್ಟ್’ ಎಂಬ ಹಳೆಯ ಅಮೆರಿಕನ್ ತಂಡದಲ್ಲಿ 2004ರಿಂದ ದುಡಿಯುತ್ತಿದ್ದ ಇವರು, ಬಿಡುವಿನಲ್ಲಿ ‘ಬ್ಯಾಂಡ್ ಗೀಕ್ಸ್’ ಎಂಬ ಹೆಸರಿನಲ್ಲಿ ಗೆಳೆಯರನ್ನು ಕೂಡಿಸಿಕೊಂಡು, ತಮಗೆ ಪ್ರಿಯವಾದ ಕಠಿಣ ಕೃತಿಗಳನ್ನು ನುಡಿಸಿ ಯೂಟ್ಯೂಬ್‌ಗೆ ಹಾಕುತ್ತಿದ್ದರು. ಅವುಗಳಲ್ಲಿ ಯೆಸ್ ಕೃತಿಗಳಿದ್ದವು. ಬೇಸ್ ಗಿಟಾರಿನಲ್ಲಿ ಸ್ಕ್ವೈರ್ ಅವರ ಜಟಿಲವಾದ ಗತ್ತನ್ನು ನುಡಿಸುತ್ತಲೇ ಮೇಲಿನ ಸ್ಥಾಯಿಯಲ್ಲಿ ಜೊತೆಕಂಠವನ್ನೂ ಹಾಡುವ ಕ್ಯಾಸ್ಟೆಲ್ಲಾನೊ ಅವರನ್ನು ಕಂಡ ಆಂಡರ್ಸನ್ ತಾವಾಗಿಯೇ ಅವರನ್ನು ಸಂಪರ್ಕಿಸಿದರು. 2023ರ ವಸಂತದಲ್ಲಿ ಅಮೆರಿಕದಲ್ಲಿ ಮೊದಲ ಪ್ರವಾಸ. ಕಛೇರಿಯ ತಿರುಳು 1970ರ ದಶಕದ ದೀರ್ಘಕೃತಿಗಳು. ಸ್ಕ್ವೈರ್ ಟ್ರಿಬ್ಯೂಟ್ ಗಾಯಕರನ್ನು ಕಂಡದ್ದೂ, ಆಂಡರ್ಸನ್ ಬ್ಯಾಂಡ್ ಗೀಕ್ಸ್ ತಂಡವನ್ನು ಕಂಡದ್ದೂ ಒಂದೇ ಕಿಟಕಿಯಿಂದಲೆಂಬುದನ್ನು ಎರಡು ಪಕ್ಷದ ವಕೀಲರೂ ಅಷ್ಟಾಗಿ ಎತ್ತಿ ಆಡುವುದಿಲ್ಲ.

‘ಟ್ರೂ’ ಹುಟ್ಟಿದ್ದು ಆ ಪ್ರವಾಸದ ಕಾವಿನಲ್ಲಿ. ಇಟಲಿಯ ಫ್ರಾಂಟಿಯರ್ಸ್ ಸಂಸ್ಥೆ ಪ್ರಕಟಿಸಿದ ಇದರಲ್ಲಿ 9 ಹಾಡುಗಳಿವೆ. ‘ಶೈನ್ ಆನ್’ ಹಾಡಿನಲ್ಲಿ 1980ರ ದಶಕದ ಯೆಸ್‌ನ ಥಳುಕಿದ್ದರೆ, ಸುಮಾರು 10 ನಿಮಿಷಗಳ ‘ಕೌಂಟೀಸ್ ಅಂಡ್ ಕಂಟ್ರೀಸ್’ ಮತ್ತು 16 ನಿಮಿಷಗಳನ್ನು ದಾಟುವ ‘ಒನ್ಸ್ ಅಪಾನ್ ಎ ಡ್ರೀಮ್’ ಕೃತಿಗಳಲ್ಲಿ ಹಿಂದಿನ ದಶಕದ ವಿಸ್ತಾರವಿದೆ. ಆಕ್ಷೇಪಿಸುವವರ ಮಾತನ್ನು ನಾವು ತಳ್ಳಿಹಾಕುವುದಿಲ್ಲ: ಈ ಶಿಷ್ಯರು ಗುರುವಿನ ಕಟ್ಟಡವನ್ನು ಎಷ್ಟು ಚೆನ್ನಾಗಿ ಬಲ್ಲರೆಂದರೆ ಒಮ್ಮೊಮ್ಮೆ ಯಾವ ಕಂಬ ಎಲ್ಲಿಂದ ಬಂತೆಂದು ಕೇಳುಗನಿಗೆ ಮೊದಲೇ ತಿಳಿದುಬಿಡುತ್ತದೆ, 1972ರ ಯೆಸ್ ತಂಡದಲ್ಲಿ ತಾನು ಮುಂದೆ ಎಲ್ಲಿಗೆ ಹೋಗುವೆನೆಂದು ತನಗೇ ತಿಳಿಯದ ಭೀತಿಯೊಂದಿತ್ತು, ಅದು ಇಲ್ಲಿಲ್ಲ. ಆದರೂ ದೀರ್ಘಕೃತಿಯ ನಡುವೆ ವಾದ್ಯಗಳು ಒತ್ತಿ ಬಂದು ಕಂಠವನ್ನು ಮೇಲಕ್ಕೆ ನೂಕುವಾಗ, ದಶಕಗಳ ಕಾಲ ಮಿದು ಕೀಬೋರ್ಡುಗಳ ಮೇಲೆ ತೇಲಿದ್ದ ಆ ಸ್ವರವು ಹಳೆಯ ಹುರುಪಿನಿಂದ ಪ್ರತ್ಯುತ್ತರ ಕೊಡುತ್ತದೆ. ಪ್ರಸಿದ್ಧರನೇಕರು ನುಡಿಸಿದ, ಮೂವತ್ತು ವರ್ಷ ಡಬ್ಬಿಯಲ್ಲಿದ್ದ ಟೇಪುಗಳಿಂದ ಮೂಡಿದ 2019ರ ‘1000 ಹ್ಯಾಂಡ್ಸ್’ ಆಲ್ಬಮ್ಮಿಗೆ ಇದು ಸಾಧ್ಯವಾಗಲಿಲ್ಲ. ಅಲ್ಲಿ ಇದ್ದವರು ಅತಿಥಿಗಳು. ಇಲ್ಲಿರುವುದು ಒಟ್ಟಿಗೆ ನುಡಿಸಿ ಪಳಗಿದ ತಂಡ.

ಮೂಲವೋ ಅನುಕರಣವೋ ಎಂಬ ವಾದ ಇನ್ನೂ ನಡೆಯುತ್ತಲೇ ಇದೆ. ಆದರೆ ಅದರಲ್ಲಿ ವಿಷಯವೊಂದು ಮೆಲ್ಲಗೆ ಬದಲಾಗಿರುವುದನ್ನು ಗಮನಿಸಬಹುದು. ಮೊದಲ ಪ್ರವಾಸದ ಬಳಿಕ ರಸಿಕರು ಯಾವ ಹಳೆಯ ಕೃತಿಯನ್ನು ಎಷ್ಟು ನಿಖರವಾಗಿ ನುಡಿಸಿದರೆಂದು ಅಳೆಯುತ್ತಿದ್ದರು. ಆಲ್ಬಮ್ಮಿನ ಬಳಿಕ ಸೆಟ್‌ಲಿಸ್ಟಿನಲ್ಲಿ ಹೊಸ ಹಾಡುಗಳಿಗೆ ಇನ್ನಷ್ಟು ಜಾಗ ಕೊಡಬೇಕಿತ್ತೆಂದು ದೂರುವವರೂ ಸೇರಿಕೊಂಡಿದ್ದಾರೆ.